ಸರ್ಕಾರದ ಕಲ್ಲು, ಅವ್ವನ ಗುರುತು

ಕೋಲಿನ ತುದಿಗೆ ಅಣಬೆಯಂಥ ಮಷೀನು ಸಿಕ್ಕಿಸಿಕೊಂಡು ಒಬ್ಬ ಸರ್ವೇಯರ್ ಹೋದ ವಾರ ಹಾಲಹರವಿ ಹತ್ತಿರದ ನಮ್ಮ ಹೊಲಕ್ಕೆ ಬಂದಿದ್ದ. ಸ್ಯಾಟಲೈಟ್ ಹೇಳಿದ ಕಡೆ ಹೊಲದ ಮೂಲೆಯಂತೆ!

"ಲೀಗಲ್ ಸ್ಟ್ಯಾಂಡರ್ಡ್ ಅಜ್ಜಿ. ಸರ್ಕಾರ ಒಪ್ಪಿದ ಕೋಆರ್ಡಿನೇಟ್ಸ್. ಕೋರ್ಟಿನ್ಯಾಗೂ ಇದೇ ನಡೀತೈತಿ."

"ಇಲ್ಲಿ ಮೊದ್ಲೊಂದು ಕಲ್ಲಿತ್ತಪ್ಪಾ. ಎಲ್ಲಿತ್ತಂತ ನಿನ್ನ ಮಷೀನು ಹೇಳ್ತೈತೇನು?" ಎಂದೆ.

ಯಾಕೆ ಕೇಳಿದೆ ಗೊತ್ತೇ?

ನಲವತ್ತರ ದಶಕ. ನಾನು ಬಳ್ಳಾರಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. (ಸಿಸ್ಟರ್ ಗ್ಲೋಬ್ ತಿರುಗಿಸುತ್ತಾ, "ಭೂಮಿಯ ಮೇಲೆ ಅಡ್ರೆಸ್ ಇಲ್ಲದ ಜಾಗವೇ ಇಲ್ಲ, ಮೈ ಚೈಲ್ಡ್" ಎನ್ನುತ್ತಿದ್ದರು.) ಒಂದು ವರ್ಷ ನನ್ನ ತಮ್ಮ, ಇನ್ನೂ ತೊಟ್ಟಿಲಿಗೆ ಹಾಕದ ಕೂಸು, ಜ್ವರದಲ್ಲಿ ತೀರಿಕೊಂಡಿತು. ನಮ್ಮಲ್ಲಿ ಹೂಳುತ್ತಾರೆ. ಅಷ್ಟು ಸಣ್ಣ ಕೂಸಿನ ಸಮಾಧಿಗೆ ಗದ್ದುಗೆ ಕಟ್ಟುವುದಿಲ್ಲ. ಅವ್ವನಿಗೋ ಒಂದು ಗುರುತು ಬೇಕಿತ್ತು. ಅಪ್ಪ ಬದುವಿನ ಸರ್ವೆ ಕಲ್ಲಿನ ಬುಡದಲ್ಲೇ ಮಣ್ಣು ಮಾಡಿದರು.

"ಸರ್ಕಾರದ ಕಲ್ಲು. ಅಲುಗಿಸಿದ್ರ ಕೇಸಾಗತೈತಿ. ಯಾರೂ ಮುಟ್ಟಂಗಿಲ್ಲ ಬಿಡು."

ಯಾರೂ ಮುಟ್ಟಲಿಲ್ಲ, ಸರ್ಕಾರವೇ ಮುಟ್ಟಿತು!

ನಮ್ಮ ಮನೆಯಿದ್ದದ್ದು ಆದೋನಿಯಲ್ಲಿ, ಅಪ್ಪನ ಹತ್ತಿ ವ್ಯಾಪಾರ. ಮರುಸರ್ವೆಯ ಸುದ್ದಿ ಸಿಕ್ಕಿ ಹೊಲಕ್ಕೆ ಹೋಗುವಷ್ಟರಲ್ಲಿ ಮಳೆ ಬಿದ್ದು ಬಿತ್ತನೆಯೂ ಮುಗಿದಿತ್ತು. ಅವ್ವನನ್ನು ಕಂಡು ಪಕ್ಕದ ಹೊಲದ ಈರಣ್ಣನಿಗೆ ಅಳುವೇ ಬಂತು.

"ಅಕ್ಕಾ, ನಂಗೇನು ಗೊತ್ತು? ಸರ್ವೆದೋರು ಸರಪಳಿ ಹಿಡದು ಬಂದ್ರು. ಕಲ್ಲು ತಪ್ಪು ಜಾಗದಾಗ ಐತಿ ಅಂದ್ರು, ಕಿತ್ತು ಅತ್ತಾಗ ನೆಟ್ರು. ಜಾಗ ನಂದಾತಂತ ಕುಂಟಿ ಹೊಡದು ಬಿತ್ತಿದೆ. ಎಲ್ಲಿ ಅಂತ ತೋರ್ಸು, ಅಷ್ಟು ಬೀಳು ಬಿಡ್ತೀನಿ."

ಅವ್ವ ನಡೆದಳು, ನಿಂತಳು, ಮತ್ತೆ ಹಿಂದಕ್ಕೆ ಬಂದಳು. ಎರೆ ಭೂಮಿ, ಎಲ್ಲಿ ನೋಡಿದರೂ ಒಂದೇ ಕಪ್ಪು.

"ಕಲ್ಲು ಕರ್ಕೊಂಡು ಹೋದೋರು, ಕೂಸನ್ನ್ಯಾಕ ಬಿಟ್ಟು ಹೋದ್ರು ಈರಣ್ಣಾ?"

ಆಮೇಲೆ ಪ್ರತಿವರ್ಷ ಆಕೆ ಹೊಸ ಕಲ್ಲಿಗೇ ಹಾಲೆರೆಯುತ್ತಿದ್ದಳು. ನಾನೊಮ್ಮೆ (ಕಾನ್ವೆಂಟಿನ ಬುದ್ಧಿ!) "ಅವನಿಲ್ಲಿಲ್ಲವ್ವಾ" ಎಂದೆ.

"ಗೊತ್ತೈತಿ. ಮತ್ತೆಲ್ಲಿ ಹೊಯ್ಲಿ, ನೀನೇ ಹೇಳು?"

ಹೇಳಲು ನನಗೆಲ್ಲಿ ಗೊತ್ತಿತ್ತು? ಅದಕ್ಕೇ ಇಷ್ಟು ವರ್ಷಗಳ ಮೇಲೆ ಮಷೀನು ಕಂಡದ್ದೇ ಆಸೆಯಾಯಿತು. ಸರ್ವೇಯರ್ ಬಟನ್ ಒತ್ತಿ ನೋಡಿದ, ಪಾಪ.

"ಹಳೇ ಕಲ್ಲಿಗೆ ಕೋಆರ್ಡಿನೇಟ್ಸ್ ಇಲ್ಲಜ್ಜಿ. ತಪ್ಪಂತ ತೆಗೆದ ಮ್ಯಾಗ ಲೆಕ್ಕದಾಗ ಅದು ಇದ್ದಂಗೇ ಇಲ್ಲ."

ಅಡ್ರೆಸ್ ಇಲ್ಲದ ಜಾಗವೇ ಇಲ್ಲ ಎಂದಿರಲ್ಲ ಸಿಸ್ಟರ್, ನನ್ನ ತಮ್ಮನದು ಯಾವುದು?