ತಂಪಕ್ಕನ ಬೇವಿನ ಮರಗಳು

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ತಂಪಕ್ಕ ಎಂದು. ಎಸಿ ರಿಪೇರಿ ಅವರ ಕಸುಬು. ಗಂಡನಿಂದ ಕಲಿತ ಕೆಲಸದಲ್ಲಿ ಗಂಡನನ್ನೇ ಮೀರಿಸಿದವರು. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವರೂ ಆ ಗಂಡನೇ.

ಒಂದು ಬೇಸಿಗೆ, ಟೈಲರ್ ಅಂಗಡಿಯಿಂದ ಒಂದೇ ವಾರದಲ್ಲಿ ಮೂರನೇ ಸಲ ಕರೆ ಬಂತು. ಮಧ್ಯಾಹ್ನ ಮೂರಾದರೆ ಸಾಕು, ಎಸಿ ಗಪ್‌ಚುಪ್. ಒಳಗೆ ಆರು ಹೆಂಗಸರು ಬೆವರೊರೆಸಿಕೊಳ್ಳುತ್ತ ಹೊಲಿಯುತ್ತಿದ್ದರು. ತಂಪಕ್ಕ ಏಣಿ ಹತ್ತಿ, ಹೊರಗೋಡೆಗೆ ಹಾಕಿದ್ದ ಎಸಿ ಪೆಟ್ಟಿಗೆಯನ್ನು ಮುಟ್ಟಿದವರೇ ಕೈ ಹಿಂದಕ್ಕೆಳೆದುಕೊಂಡರು. ಪಡುವಣ ಬಿಸಿಲು ನೇರ ಅದಕ್ಕೇ ಬಡಿಯುತ್ತಿತ್ತು.

ಕೆಳಗಿಳಿದು ಅಂಗಡಿಯ ಒಡತಿಗೆ ಹೇಳಿದರು: "ಮೆಷಿನ್‌ಗೆ ಏನೂ ಆಗಿಲ್ಲ ಕಣಮ್ಮ. ಒಳಗಿನ ಸೆಕೆ ತಂದು ಹೊರಗೆ ಸುರಿಯೋದು ಅದರ ಕೆಲಸ. ಹೊರಗೇ ಕುಲುಮೆ ಥರ ಇದ್ರೆ ಎಲ್ಲಿ ಸುರೀಬೇಕು, ಪಾಪ? ಕರೆಂಟ್ ಕುಡಿದೂ ಕುಡಿದೂ ಸುಸ್ತಾಗಿ ಮಲಗಿಬಿಡುತ್ತೆ."

"ಹಾಗಾದ್ರೆ ದೊಡ್ಡದು ಹಾಕಿಸ್ಲಾ?"

"ಮರ ಹಾಕ್ಸಿ."

ಅಂಗಡಿಗೆ ಅಂಗಡಿಯೇ ನಕ್ಕಿತು. ತಂಪಕ್ಕ ನಗರಸಭೆಗೆ ಹೋಗಿ ಒಪ್ಪಿಗೆ ತಂದರು. ಮುಂದಿನ ವಾರವೇ ಅಂಗಡಿಯೆದುರು ಎರಡು ಬೇವಿನ ಸಸಿ ನೆಟ್ಟರು. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟು, ಅದನ್ನೇ ಸಸಿಗೆ ಹೊಯ್ಯಲು ಹೇಳಿದರು. ನಕ್ಕಿದ್ದ ಹೆಂಗಸರೇ ಸರದಿ ಮೇಲೆ ಹೊಯ್ದರು.

ಸಸಿ ಚಿಗುರಿದ್ದು ನೋಡಿ ಎದುರು ಮನೆಯವರು ಕೇಳಿದರು, ಆಮೇಲೆ ಬೇಕರಿಯವರು. ನೋಡನೋಡುತ್ತ ಬೀದಿಯುದ್ದಕ್ಕೂ ಸಸಿಗಳಾದವು.

"ಹೀಗೇ ಎಲ್ರಿಗೂ ಮರ ಹಂಚಿದ್ರೆ ನಾವು ನೊಣ ಹೊಡ್ಕೊಂಡು ಕೂರ್ಬೇಕಾಗುತ್ತೆ ಕಣೇ!" ಎಂದರು ಗಂಡ.

"ನೊಣ ಹೊಡೆಯೋಕೂ ನೆರಳು ಬೇಕಲ್ರೀ."

ಏಳು ವರ್ಷ ಕಳೆಯಿತು. ಬೇವು ಸೂರು ಮೀರಿ ಬೆಳೆದು ಗೋಡೆಯ ಬಿಸಿಲನ್ನೆಲ್ಲ ತಾನೇ ಹೊತ್ತುಕೊಂಡಿತು. ಎಸಿ ತಿನ್ನುವ ಕರೆಂಟ್ ವರ್ಷದಿಂದ ವರ್ಷಕ್ಕೆ ಇಳಿಯಿತು. ಕಡುಬೇಸಿಗೆಯ ಒಂದು ಮಧ್ಯಾಹ್ನ ಎಸಿ ತೊಳೆಯಲು ಬಂದ ತಂಪಕ್ಕ ಬಾಗಿಲಲ್ಲೇ ಗಾಬರಿಯಾದರು. ಎಸಿ ಆರಿತ್ತು.

"ಮತ್ತೆ ಕೆಟ್ಟೋಯ್ತಾ?"

"ಇಲ್ಲಕ್ಕ. ಇವತ್ತು ಹಾಕ್ಬೇಕು ಅಂತಾನೇ ಅನ್ನಿಸ್ಲಿಲ್ಲ," ಎಂದಳು ಒಡತಿ.

ಕಿಟಕಿ ತೆರೆದಿತ್ತು. ಎಲೆ ಸವರಿಕೊಂಡು ಬಂದ ಗಾಳಿಗೆ ಮೇಜಿನ ಮೇಲಿನ ದಾರದೆಳೆಗಳು ಹಾರಾಡುತ್ತಿದ್ದವು. ತನ್ನ ಕೈಯಲ್ಲಿ ಪಳಗಿದ ಮೆಷಿನ್ ಕೆಲಸವಿಲ್ಲದೆ ಕೂತಿದ್ದು ಕಂಡು ತಂಪಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗ್ತಾ ಅಲ್ಲಾಡ್ಬೇಡಿ ಅಕ್ಕ, ಅಳತೆ ತಪ್ಪುತ್ತೆ," ಎನ್ನುತ್ತ ಒಡತಿ ಟೇಪು ಹಿಡಿದು ಅವರ ಭುಜ ಅಳೆಯತೊಡಗಿದಳು. ಸ್ಕ್ರೂಡ್ರೈವರ್‌ಗೊಂದು, ಸ್ಪ್ಯಾನರಿಗೊಂದು, ಟೆಸ್ಟರಿಗೊಂದು ಜೇಬಿರುವ ಕೋಟನ್ನು ಆರು ಹೆಂಗಸರೂ ಸೇರಿ ತಂಪಕ್ಕನಿಗೆ ಹೊಲಿಯುವುದೆಂದು ಅಷ್ಟರಲ್ಲಾಗಲೇ ತೀರ್ಮಾನವಾಗಿತ್ತು.