ಅಪ್ಪನ ಪಟ್ಟಿ, ನಮ್ಮನೆ ಗೌಳಿ

ಸೇಲಂನ ರಿಪೇರಿ ಅಂಗಡಿಯವನು ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕೇಳಿದ. ಟಕ್. ಟಕ್ ಟಕ್. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟು, "ಹೆಡ್ ಪೋಚ್ಚು ಸಾರ್," ಅಂದ. ಹೋಯಿತಂತೆ. ಅಷ್ಟು ಹಗುರಾಗಿ ಹೇಳಿಬಿಟ್ಟ. ಸ್ಟೂಲಿನ ಮೇಲೆ ಕುಸಿದು ಕೂತು, "ಅದರೊಳಗೆ ಒಂದು ಪಟ್ಟಿ ಇದೆ, ಬೇರೇನೂ ಬೇಡ, ಅದೊಂದು ತೆಗೆದುಕೊಡಿ," ಎಂದು ತಮಿಳಿನಲ್ಲಿ ಮೂರು ಸಲ ಹೇಳಿದೆ.

ಆ ಪಟ್ಟಿ ನಮ್ಮಪ್ಪನದು. ನಾವು ನಲ್ಲಂಪಳ್ಳಿ ಕಡೆಯವರು, ಕುರಿ ಸಾಕುವ ಮನೆತನ. ಅಪ್ಪ ಮಾತ್ರ ಓದಿ ಪ್ರೈಮರಿ ಶಾಲೆಯ ಮೇಷ್ಟ್ರಾದ. ಶಾಲೆಯಲ್ಲಿ ಕಲಿಸಿದ್ದು ತಮಿಳು, ಮನೆಯಲ್ಲಿ ಆಡಿದ್ದು ಕನ್ನಡ. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಊರೂರು ಅಲೆದು, ನಮ್ಮ ಜನ ಯಾವ ಹಟ್ಟಿಯಲ್ಲಿದ್ದಾರೆ, ಯಾರದು ಯಾವ ಬೆಡಗು ಎಂದು ಬರೆದುಕೊಂಡು ಬರುತ್ತಿದ್ದ. ಒಂದೇ ಬೆಡಗಿನವರು ಒಂದೇ ಬಳ್ಳಿಯವರು, ಅಣ್ಣತಂಗಿ. ಅವರಲ್ಲಿ ಮದುವೆ ಕೂಡದು. ಕೆಲವು ಬೆಡಗುಗಳಿಗೆ ಹೆಸರು ಬೇರೆಯಾದರೂ ಹಿಂದೆ ಯಾವಾಗಲೋ ಅಣ್ಣತಮ್ಮಂದಿರು ಪಾಲಾಗಿ ಎರಡು ಹೆಸರು ಹಿಡಿದವರು. ಅವರೊಳಗೂ ಕೊಟ್ಟು ತರುವ ಹಾಗಿಲ್ಲ. ಇದೆಲ್ಲ ಮುದುಕರ ಬಾಯಲ್ಲಿತ್ತು, ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದರು. ಹಾಗಾಗಿ ಅಪ್ಪ ಹನ್ನೊಂದು ನೋಟ್‌ಬುಕ್ಕು ತುಂಬಿಸಿದ, ಕನ್ನಡದ ಮಾತನ್ನೇ ತಮಿಳು ಅಕ್ಷರದಲ್ಲಿ. ಒಂದು ಬೆಡಗು ತಪ್ಪಾಗಿ ಬರೆದೆನೆಂದು ಅನುಮಾನ ಬಂದರೆ ಊಟ ಬಿಟ್ಟು ಎದ್ದು ತೊಪ್ಪೂರಿನವರೆಗೆ ಸೈಕಲ್ ತುಳಿದು ಹೋಗಿ ತಿದ್ದಿಕೊಂಡು ಬರುವ ಆಸಾಮಿ.

ತೊಂಬತ್ತರ ದಶಕ ಅರ್ಧ ಕಳೆದ ಮೇಲೆ ನಾನು ಸೇಲಂನ ಒಂದು ಆಫೀಸು ಮಾರಿದ ಹಳೇ ಕಂಪ್ಯೂಟರ್ ತಂದೆ. ಆಗ ನನಗೆ ಆರು ತಿಂಗಳ ಡಿಪ್ಲೊಮಾದ ಅಮಲು. ಅರ್ಧ ಕಲಿತವನ ಅಬ್ಬರ ಹೆಚ್ಚು ಅಂತಾರಲ್ಲ, ಹಾಗೆ. ಅಪ್ಪನ ಪಟ್ಟಿಯನ್ನೆಲ್ಲ ಅದರೊಳಗೆ ಹಾಕಿಸಿದೆ. ಅಪ್ಪ ಓದುತ್ತ ಹೋದ, ಟೈಪಿಂಗ್ ಪರೀಕ್ಷೆ ಪಾಸಾಗಿದ್ದ ನನ್ನ ತಂಗಿ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತ ಹೋದಳು. ನಾನು ಮಧ್ಯೆ ಮಧ್ಯೆ ಬಂದು ಮೇಲ್ವಿಚಾರಣೆ ಮಾಡುತ್ತಿದ್ದೆ. ಕೆಲಸ ಮುಗಿದ ವಾರದಲ್ಲೇ ಅಪ್ಪ ಎದೆನೋವೆಂದು ಕೂತವನು ಏಳಲಿಲ್ಲ.

ಈಗ ಹೇಳುವುದನ್ನು ಹೇಳಲು ಇವತ್ತಿಗೂ ನಾಚಿಕೆ. ನಮ್ಮಲ್ಲಿ ಹೂಳುತ್ತಾರೆ. ಸತ್ತವರು ಕೈಬಿಡದೆ ಬಳಸಿದ್ದನ್ನು ಜೊತೆಗೆ ಗುಣಿಗೆ ಇಡುತ್ತಾರೆ: ಕಂಬಳಿ, ಎಲೆಯಡಿಕೆ ಚೀಲ, ಕೋಲು. ಅಪ್ಪನಿಗೆ ಏನಿಡುವುದು ಎಂದು ಅವ್ವ ಹುಡುಕಾಡಿ, ಕೊನೆಗೆ ಆ ನೋಟ್‌ಬುಕ್ಕುಗಳನ್ನು ಎದೆಗವಚಿಕೊಂಡು ಬಂದು, "ಎಲ್ಲಾನೂ ಆ ಪೆಟ್ಟಿಗೇಲಿ ಐತೇನ್ಲಾ?" ಎಂದು ನನ್ನನ್ನು ಕೇಳಿದಳು. ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. "ಒಂದಕ್ಷರ ಬುಡ್ದಂಗೆ ಐತೆ ಅವ್ವ, ಇಡು," ಅಂದೆ. ಹನ್ನೊಂದೂ ಮಣ್ಣಿಗೆ ಹೋದವು. ಫ್ಲಾಪಿಯಲ್ಲಿ ಒಂದು ನಕಲು ಇಟ್ಟಿದ್ದೆ, ನಿಜ. ಆಮೇಲೆ ತೆಗೆದು ನೋಡಿದರೆ ಅದಕ್ಕೆ ಬೂಷ್ಟು ಹಿಡಿದಿತ್ತು. ಇನ್ನೊಂದು ಮಾಡಬೇಕು, ಮಾಡೋಣ, ಎಂದುಕೊಂಡೇ ಒಂದೂವರೆ ವರ್ಷ ಕಳೆದೆ. ಮಾಡಿದ್ದುಣ್ಣೋ ಮಹರಾಯ.

ಅಷ್ಟರಲ್ಲಿ ತಂಗಿಗೆ ತಾರಮಂಗಲಂ ಕಡೆಯಿಂದ ಸಂಬಂಧ ಬಂತು. ಹುಡುಗನೂ ಟೈಪಿಂಗ್ ಕಲಿತವನು, ಸಹಕಾರ ಸಂಘದಲ್ಲಿ ಕೆಲಸ. ಒಳ್ಳೆಯ ಜನ. ಶುಕ್ರವಾರ ವೀಳ್ಯ ಬದಲಾಯಿಸುವುದೆಂದು ಮಾತಾಗಿತ್ತು. ಅದಕ್ಕೆ ಹತ್ತು ದಿನ ಮುಂಚೆ ನಮ್ಮೂರ ಹಿರಿಯರೊಬ್ಬರು ಮನೆಗೆ ಬಂದು ಜಗಲಿಯಲ್ಲಿ ಕೂತು, "ಅವ್ರ ಬೆಡಗಿಗೂ ನಮ್ಮ ಬೆಡಗಿಗೂ ಅಣ್ತಮ್ಮಿಕೆ ಐತೆ ಅಂತ ನಮ್ಮಜ್ಜ ಏನೋ ಏಳ್ತಿದ್ದಂಗೆ ಗ್ಯಾಪಕ. ನಿಮ್ಮಪ್ಪನ ಪಟ್ಟಿ ನೋಡಪ್ಪ. ಅದ್ರಾಗೆ ಇದ್ರೆ ಐತೆ, ಇಲ್ದಿದ್ರೆ ಇಲ್ಲ. ನೋಡ್ದೆ ಮಾತ್ರ ವೀಳ್ಯ ಬ್ಯಾಡ," ಅಂದರು.

ಅವ್ವ ಮಾತ್ರ ಅಲುಗಲಿಲ್ಲ. "ಪಟ್ಟಿ ಯಾಕ್ಲಾ? ನಮ್ಮನೆ ಗೌಳಿ ಆಗ್ಲೇ ಏಳೈತೆ," ಅಂದಳು. ಗೌಳಿ ಎಂದರೆ ಹಲ್ಲಿ. ಮಾತಿನ ಮಧ್ಯೆ ಅದು ಲೊಚಗುಟ್ಟಿದರೆ ಆ ಮಾತು ನಿಜವೆಂದು ನಮ್ಮವರು ನೆಲಕ್ಕೆ ಉಗುರು ಬಡಿಯುತ್ತಾರೆ. ಒಂದು ತಿಂಗಳಿಂದ, ಮಧ್ಯಾಹ್ನ ತಾನು ಅಡುಗೆಮನೆಯಲ್ಲಿ ಕೂತು ಈ ಸಂಬಂಧದ ಮಾತು ಎತ್ತಿದಾಗೆಲ್ಲ ಗೌಳಿ ಮೂರು ಸಲ ನುಡಿಯುತ್ತಿದೆಯಂತೆ. ಹಗಲು ನಾನು ಕೆಲಸದ ಮೇಲೆ ಹೊರಗಿರುತ್ತಿದ್ದೆ, ನನಗೆ ಒಂದು ದಿನವೂ ಕೇಳಿದ್ದಿಲ್ಲ. "ಗೌಳಿ ಮಾತು ಕೇಳಿ ಮದ್ವೆ ಮಾಡೋದಾದ್ರೆ ಅಪ್ಪ ಯಾಕೆ ಸೈಕಲ್ ತುಳೀಬೇಕಿತ್ತು?" ಎಂದು ರೇಗಿ ಕಂಪ್ಯೂಟರ್ ಹಚ್ಚಿದೆ.

ಪರದೆಯ ಮೇಲೆ ಕಪ್ಪು ಬಿಟ್ಟರೆ ಇನ್ನೇನೂ ಇಲ್ಲ. ಇನ್ನೊಮ್ಮೆ ಹಚ್ಚಿದೆ. ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಬಂದು ನಿಂತಿತು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ, ಚಪ್ಪಟೆ ತಂತಿಯನ್ನು ಕಿತ್ತು ಮತ್ತೆ ಒತ್ತಿ ಕೂರಿಸಿದೆ, ಬೇರೆ ಪಿನ್ನಿನಿಂದ ಕರೆಂಟು ಕೊಟ್ಟು ನೋಡಿದೆ. ಧೂಳು ಊದುವಾಗ ಮೂಲೆಯಲ್ಲಿ ಬೆಳ್ಳಗೆ ಎರಡು ಚಿಕ್ಕ ಮೊಟ್ಟೆಯ ಸಿಪ್ಪೆ ಕಂಡವು. ಅವ್ವ ಬಗ್ಗಿ ನೋಡಿ, "ಅಗೋ! ಗೌಳಿ ಮೊಟ್ಟೆ! ನಾನ್ ಏಳ್ಲಿಲ್ವಾ?" ಎಂದು ಬೀಗಿದಳು. ನನಗೆ ಸಿಟ್ಟು ಬಂದು ಆ ಸಿಪ್ಪೆಗಳನ್ನು ಕಿಟಕಿಯಿಂದಾಚೆ ಎಸೆದೆ. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಒಂದು ವಾರ ಹೀಗೇ ಹೋಯಿತು. ಸ್ಕ್ರೂಡ್ರೈವರಿನ ಹಿಡಿಯಿಂದ ಡಿಸ್ಕಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದೆ, ಮಗ್ಗುಲು ಮಲಗಿಸಿ ನೋಡಿದೆ, ತಲೆಕೆಳಗು ಮಾಡಿದೆ. ಬಡಿದುಕೊಳ್ಳುವ ಸದ್ದು ಬರುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತು ಕರೆಂಟು ಬೇರೆ ಹೋಗಿ ಬಂದು ಮಾಡುತ್ತಿತ್ತು. ಕೊನೆಗೆ ಮಂಗಳವಾರ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಸೇಲಂ ಬಸ್ಸು ಹತ್ತಿದೆ. ತೊಪ್ಪೂರು ಘಾಟಿನ ಒಂದೊಂದು ತಿರುವಿನಲ್ಲೂ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದೆ. ಪಕ್ಕದಲ್ಲಿದ್ದ ಅಜ್ಜಿ, "ಕೊಳಂದೆಯಾ?" ಎಂದು ಕೇಳಿದಳು, ಕೂಸೇನಪ್ಪ ಅಂತ.

ಅಂಗಡಿಯವನು ಹೋಯಿತು ಅಂದಮೇಲೂ ನಾನು ಏಳಲಿಲ್ಲ. ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ಒಂದು ದಾರಿ ಇದೆ, ಅದು ವೈದ್ಯವಲ್ಲ, ಸಾಯುವವರ ಬಾಯಿಗೆ ನೀರು ಬಿಡುವ ಕೆಲಸ, ಅಂದ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಒಂದು ದಿನ ಫ್ರಿಜ್ಜಿನ ಐಸ್ ಜಾಗದಲ್ಲಿಡಿ, ತೆಗೆದ ತಕ್ಷಣ ಸಿಕ್ಕಿಸಿ, ಹತ್ತು ನಿಮಿಷ ಓಡಿದರೆ ನಿಮ್ಮ ಪುಣ್ಯ, ಅಷ್ಟರಲ್ಲಿ ಫ್ಲಾಪಿಗೆ ಎಳೆದುಕೊಳ್ಳಿ, ಎರಡನೇ ಸಲ ಓಡುವುದಿಲ್ಲ.

ನಮ್ಮ ಬೀದಿಯಲ್ಲಿ ಫ್ರಿಜ್ಜಿದ್ದದ್ದು ಎದುರು ಮನೆಯ ನರ್ಸಮ್ಮನಿಗೆ. ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು, ತೇವ ಹೀರಲೆಂದು ಒಂದು ಹಿಡಿ ಅಕ್ಕಿಯ ಗಂಟನ್ನೂ ಹಾಕಿ ಒಯ್ದೆ. ಆಕೆ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಅತ್ತ ಸರಿಸಿ, "ಇದೆನ್ನ ತಂಬಿ?" ಅಂದಳು. "ಅಪ್ಪಾವೋಡದು," ಅಂದೆ, ಅಪ್ಪನದು ಎಂದು. ಆಕೆ ಡಬ್ಬಿಯನ್ನು ಐಸ್ ಜಾಗದಲ್ಲಿಟ್ಟು ಬಾಗಿಲು ಹಾಕಿದಳು.

ಬುಧವಾರ ಮಧ್ಯಾಹ್ನ ರಜೆ ಹಾಕಿ ಕೂತೆ. ಹಿಮದಂತಿದ್ದ ಡಿಸ್ಕನ್ನು ಸಿಕ್ಕಿಸಿ, ಫ್ಲಾಪಿಯಿಂದ ಯಂತ್ರ ಎಬ್ಬಿಸಿದೆ. ಓಡಿತು! ಹೊಸ ಫ್ಲಾಪಿ ಹಾಕಿ ನಕಲು ಮಾಡೆಂದು ಆಜ್ಞೆ ಕೊಟ್ಟೆ. ಸ್ವಲ್ಪ ಹೋಗಿ ನಿಂತು, ಬಿಡಲೋ, ಮತ್ತೆ ಯತ್ನಿಸಲೋ ಎಂದು ಕೇಳಿತು. ಮತ್ತೆ ಎಂದು ಆರ್ ಒತ್ತಿದೆ. ಟಕ್ ಟಕ್ ಟಕ್. ಮತ್ತೆ ಆರ್. ಟಕ್ ಟಕ್ ಟಕ್.

ಗೋಡೆಯಾಚೆ ಅಡುಗೆಮನೆಯಿಂದ ಅವ್ವನ ದನಿ ಬಂತು: "ಕೇಳ್ದೇನ್ಲಾ? ಈಗ್ಲಾದ್ರೂ ಕೇಳ್ದಾ ಗೌಳಿ ನುಡಿಯಾದ?"

ನನ್ನ ಬೆರಳು ಹಾಗೇ ನಿಂತುಬಿಟ್ಟಿತು. ಒಂದು ತಿಂಗಳಿಂದ ನಮ್ಮವ್ವ ನೆಲಕ್ಕೆ ಉಗುರು ಬಡಿದು ನಂಬಿದ ಗೌಳಿ ಇದು. ಹಾರ್ಡ್ ಡಿಸ್ಕ್ ಉಸಿರು ಬಿಡುತ್ತಿದ್ದ ಸದ್ದು. ಅದು ಸಾಯುತ್ತಿತ್ತು, ಅವ್ವ ಶುಭವೆಂದು ಕೇಳಿದಳು.

ಹತ್ತಿರ ಕೂತಿದ್ದ ತಂಗಿ, "ಸಾಕು ಬುಡಣ್ಣ, ಬರಾಕಿಲ್ಲ ಅದು," ಅಂದಳು. ನಾನು ಕೇಳಲಿಲ್ಲ. ಎಷ್ಟು ಸಲ ಆರ್ ಒತ್ತಿದೆನೋ ಲೆಕ್ಕವಿಲ್ಲ. ಕೊನೆಗೆ, ಒಂದು ಕಡತ ನಕಲಾಯಿತು ಎಂದು ಪರದೆಯ ಮೇಲೆ ಬಂತು. ಅದಾದ ಮರುಕ್ಷಣ ಡಿಸ್ಕ್ ಒಂದು ಸಲ ಕಿರುಗುಟ್ಟಿ ಸುಮ್ಮನಾಯಿತು. ಮತ್ತೆ ಅದು ಓಡಲೇ ಇಲ್ಲ.

ಫ್ಲಾಪಿಯಿಂದ ಪಟ್ಟಿ ತೆರೆದೆ. ಎರಡು ಮೂರು ಕಡೆ ಹರಿದಿತ್ತು, ಮಿಕ್ಕದ್ದೆಲ್ಲ ಇತ್ತು. ನಮ್ಮ ಬೆಡಗು ಹುಡುಕುತ್ತ ಕೆಳಗಿಳಿದೆ. ಸಿಗುವ ಮುಂಚೆಯೇ ತಂಗಿ, ಪರದೆ ನೋಡದೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಮೆಲ್ಲಗೆ ಹೇಳಿದಳು: "ತಾರಮಂಗಲದವ್ರಿಗೂ ನಮಗೂ ಅಣ್ತಮ್ಮಿಕೆ. ಒಬ್ರೇ ಏಳಿದ್ದು, ಇನ್ನೊಂದ್ಸಲ ಕೇಳ್ಬೇಕು."

ಕೆಳಗಿಳಿದರೆ ಸಾಲು ಅದೇ ಇತ್ತು, ಅಕ್ಷರ ಅಕ್ಷರವೂ. ಇನ್ನೊಮ್ಮೆ ಕೇಳಬೇಕು ಎಂದು ಬರೆಸಿದ ಅಪ್ಪ ಕೇಳಿ ಬರುವ ಮೊದಲೇ ಹೋಗಿಬಿಟ್ಟಿದ್ದ.

"ನಿಂಗೆ ಗೊತ್ತಿತ್ತಾ?" ಅವಳ ಕಡೆ ತಿರುಗಿ ಕೇಳಿದೆ.

"ನಾನೇ ಅಲ್ವಾ ಟೈಪ್ ಮಾಡಿದ್ದು." ಅವಳ ಕಣ್ಣು ತುಂಬಿತ್ತು. "ಸೇಲಂನಾಗೆ ಪರೀಕ್ಷೆ ಬರಿಯಾಕೆ ಓದಾಗ್ಲೇ ಅವ್ರು ಗೊತ್ತು ಅಣ್ಣ. ಇಷ್ಟ ಆಗೋಯ್ತು. ಅವ್ವ ಮಾತೆತ್ತಿದಾಗ್ಲೆಲ್ಲ ಆ ಫೈಲ್ ತೆಗೀತಿದ್ದೆ, ಆ ಸಾಲು ಅಳಿಸ್ಬುಡಾನ ಅಂತ. ತೆಗೆದಾಗೆಲ್ಲ ಅದು ಟಕ್ ಟಕ್ ಅಂತಿತ್ತು. ಆಚೆ ಅವ್ವ ನೆಲಕ್ಕೆ ಬಡಿಯೋಳು. ನಂಗೆ ಅಳಿಸಾಕೆ ಕೈ ಬರ್ತಿರ್ಲಿಲ್ಲ. ಅಪ್ಪ ಪಕ್ಕದಾಗೆ ಕೂತು ಏಳಿದ್ದಲ್ವಾ. ಮುಚ್ಚಿಬುಡ್ತಿದ್ದೆ."

ಕೂಗಾಡಬೇಕೆಂದು ಬಾಯಿ ತೆರೆದೆ. ಒಂದು ತಿಂಗಳು ಈ ಹುಡುಗಿ ದಿನಾ ಮಧ್ಯಾಹ್ನ ಒಬ್ಬಳೇ ಇಲ್ಲಿ ಕೂತು, ಒಂದು ಸಾಲನ್ನು ನೋಡಿ, ಅಳಿಸಲಾರದೆ ಎದ್ದುಹೋಗಿದ್ದಳು. ಅಪ್ಪನ ನೋಟ್‌ಬುಕ್ಕುಗಳನ್ನು ಒಂದು ಮಾತಿಗೆ ಮಣ್ಣಿಗಿಟ್ಟವನು ನಾನು. ಅವಳನ್ನು ಬೈಯುವ ಯೋಗ್ಯತೆ ನನಗೆಲ್ಲಿತ್ತು?

ಕರ್ಸರ್ ಆ ಸಾಲಿನ ತಲೆಯಲ್ಲಿ ಮಿನುಗುತ್ತಿತ್ತು. ಒಬ್ಬರೇ ಹೇಳಿದ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನಾಗಿದ್ದರೆ ಸೈಕಲ್ ಹತ್ತುತ್ತಿದ್ದ. ನಾನು ಹತ್ತಲಿಲ್ಲ. ಕೇಳಿ ಬಂದರೆ ಹೌದೆಂದು ತಿಳಿದೀತೆಂದು ಹೆದರಿದೆ. ಅಳಿಸುವ ಕೀಲಿ ಒತ್ತಿ ಹಿಡಿದೆ. ಅಕ್ಷರಗಳು ಒಂದೊಂದಾಗಿ ಹೋದವು, ಕೆಳಗಿನ ಸಾಲು ಮೇಲೆ ಬಂದು ಕೂತಿತು, ಮೊದಲಿಂದಲೂ ಅಲ್ಲೇ ಇದ್ದಂತೆ. ಉಳಿಸಿದೆ. ತಂಗಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ಎಷ್ಟೋ ಮನೆಯವರು ಬಂದು ಆ ಪಟ್ಟಿ ನೋಡಿ ಹೋಗಿದ್ದಾರೆ. ಮೇಷ್ಟ್ರು ಬರೆದದ್ದು, ಸುಳ್ಳಿರಲ್ಲ, ಅನ್ನುತ್ತಾರೆ. ಆಗೆಲ್ಲ ನಾನು ತಲೆಯೆತ್ತುವುದಿಲ್ಲ.

ಎದ್ದು ಅಡುಗೆಮನೆಗೆ ಹೋದೆ. ಅವ್ವ ಹುರುಳಿಕಾಳು ಆರಿಸುತ್ತಿದ್ದಳು. "ಪಟ್ಟಿ ಸಿಕ್ತು ಅವ್ವ. ಅದ್ರಾಗೆ ಅಂಥದ್ದೇನೂ ಇಲ್ಲ," ಅಂದೆ. ಹುಟ್ಟಿದಂದಿನಿಂದ ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಒಂದನ್ನೂ ಅವಳು ನಂಬಿದ್ದಿಲ್ಲ.

ಅವ್ವ ಮೊರದಿಂದ ತಲೆಯೆತ್ತಲಿಲ್ಲ. ಎರಡು ಕಲ್ಲು ಆರಿಸಿ ಎಸೆದಳು.

"ಪೆಟ್ಟಿಗೆ ಪೂರ್ತಿ ಓಯ್ತಾ?" ಎಂದು ಕೇಳಿದಳು.

"ಓಯ್ತು."

"ಅಂಗಾರೆ ಇನ್ಮೇಲೆ ಗೌಳಿ ನುಡಿಯಾಕಿಲ್ಲ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಒಂದ್ ತಿಂಗ್ಳಿಂದ ನೋಡ್ತಾ ಇವ್ನಿ ಕಣ್ಲಾ," ಅಂದಳು ಅವ್ವ, ಗೋಡೆಯಾಚೆ ಕೇಳದಷ್ಟು ಸಣ್ಣ ದನಿಯಲ್ಲಿ. "ಕರೆಂಟ್ ಓದ್ರೆ ನಮ್ಮನೆ ಗೌಳಿ ಬಾಯೇ ಬುಡ್ತಿರ್ಲಿಲ್ಲ. ಅದ್ಯಾವ ಗೌಳಿ ಅಂತ ನಾನ್ ಕೇಳ್ಲಿಲ್ಲ. ನೀನೂ ಏಳ್ಬ್ಯಾಡ."

ಹೇಳಿ, ಮೊರವನ್ನು ಪಕ್ಕಕ್ಕಿಟ್ಟು, ಸದ್ದಿಲ್ಲದ ಮನೆಯಲ್ಲಿ ನೆಲಕ್ಕೆ ಮೂರು ಸಲ ಉಗುರು ಬಡಿದಳು.