ಗ್ರೀನ್ ಕಾರ್ಡಿನ ವಾರ್ಷಿಕ ಯಾತ್ರೆ

ಗ್ರೀನ್ ಕಾರ್ಡ್ ಇದ್ದವರು ಅಮೆರಿಕದಲ್ಲೇ ವಾಸವಾಗಿರಬೇಕು ಎಂಬುದು ನಿಯಮ. ನಮ್ಮ ನಿವೃತ್ತ ಹಿರಿಯರು ಇದನ್ನು ಬಹಳ ಭಕ್ತಿಯಿಂದ ಪಾಲಿಸುತ್ತಾರೆ. ಇಂಡಿಯಾದಲ್ಲಿ ಸಂಸಾರ ಮಾಡಿಕೊಂಡು, ವರ್ಷಕ್ಕೊಮ್ಮೆ ಟೆಕ್ಸಸ್‌ಗೆ ಬಂದು ಮುಖ ತೋರಿಸಿ ಹೋಗುತ್ತಾರೆ.

ಹೂಸ್ಟನ್ ಏರ್‌ಪೋರ್ಟಿನ ಇಮಿಗ್ರೇಷನ್ ಸಾಲಿನಲ್ಲಿ ಇಂಥವರ ಗುಂಪೊಂದು ನನ್ನ ಮುಂದೆ ನಿಂತಿತ್ತು. ಧಾರವಾಡದ ಅಂಕಲ್ ಒಬ್ಬರು ಎಲ್ಲರಿಗೂ ಪಾಠ ಹೇಳುತ್ತಿದ್ದರು.

"ಎಲ್ಲಿರ್ತೀರಿ ಅಂತ ಕೇಳಿದ್ರ ಇಲ್ಲೇ ಹೂಸ್ಟನ್ ಬಾಜೂಕ ಪೇರ್ಲ್ಯಾಂಡ್ ಅನ್ರಿ. ಊರಿಗೆ ಲಗ್ನಕ್ಕ ಹೋಗಿದ್ವಿ ಅನ್ರಿ, ಮುಗೀತು."

ಒಬ್ಬೊಬ್ಬರೂ ಅದನ್ನೇ ಒಪ್ಪಿಸಿ ಪಾರಾದರು. ಇಂಡಿಯಾದಲ್ಲಿ ಜನಕ್ಕೆ ಮದುವೆ ಬಿಟ್ಟು ಬೇರೆ ಕೆಲಸವಿಲ್ಲ ಎಂದು ಅಧಿಕಾರಿಗೆ ಖಾತ್ರಿಯಾಗಿರಬೇಕು.

ಕೊನೆಗೆ ಮೈಸೂರಿನ ಶಾರದಮ್ಮನವರ ಸರದಿ. ಅವರಿಗೆ ಇಂಗ್ಲಿಷ್ ಬಾರದೆಂದು ಅಧಿಕಾರಿ ಹಿಂದೆ ನಿಂತಿದ್ದ ನನ್ನನ್ನು ಅನುವಾದಕ್ಕೆ ಕರೆದ. ವಾಸ ಎಲ್ಲಿ ಎಂದು ಕೇಳಿದ.

"ಮೈಸೂರು ಅಂತ ಹೇಳಪ್ಪ. ಇಲ್ಲಿಗೆ ಬರೋದು ಮೊಮ್ಮಗಳನ್ನ ನೋಡೋಕೆ."

"ಹಾಗಂದ್ರೆ ಕಾರ್ಡ್ ಹೋಗುತ್ತೆ, ಆಂಟಿ. ಮುಂದಿನ ಸಲ ವೀಸಾಗೆ ಕ್ಯೂ ನಿಲ್ಲಬೇಕಾಗುತ್ತೆ."

"ನಿಲ್ತೀನಿ. ರೇಷನ್ ಅಂಗಡೀಲಿ ನಿಂತಿಲ್ವಾ?"

"ಏನ್ ಮಾಡಾಕತ್ತೀರಿ ಅಕ್ಕಾರ! ನಮ್ಮನ್ನೂ ಸಿಗಸ್ತೀರೇನು?" ಅತ್ತ ಕಡೆಯಿಂದ ಅಂಕಲ್ ಕೂಗಿದರು.

ನಾನು ಶಾರದಮ್ಮನವರ ಉತ್ತರವನ್ನು ಒಂದಕ್ಷರ ಬಿಡದೆ ಅನುವಾದಿಸಿದೆ. ಶಾರದಮ್ಮ ಪರ್ಸಿನಿಂದ ಕಾರ್ಡ್ ತೆಗೆದು, ಸೆರಗಿನಲ್ಲಿ ಒಮ್ಮೆ ಒರೆಸಿ, ಅಧಿಕಾರಿಯ ಮುಂದಿಟ್ಟರು.